ಸೈನ್ಯದ ಸೋಲು, ಸರ್ಕಾರದ ಶರಣಾಗತಿ



ನಡೆಯದೆ ಹೋದ ಸಂಗತಿಯನ್ನು ಊಹಿಸುವುದು ಚರಿತ್ರಕಾರನಿಗೆ ತಕ್ಕ ಕೆಲಸವಲ್ಲವೆಂದು ಹೇಳುವವರುಂಟು. ಆದರೆ ಒಂದು ನಿರ್ಣಯದ ತೂಕವನ್ನು ತಿಳಿಯಬೇಕಾದರೆ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕಷ್ಟೆ. 1940ನೆಯ ಇಸವಿ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶವು ಕೈಕೊಂಡ ನಿರ್ಣಯವು ಅಂಥದು.

ಮೇ 10ರಂದು ದಂಡೆತ್ತಿ ಬಂದ ಜರ್ಮನರು ಜೂನ್ 14ರಂದು ಪ್ಯಾರಿಸ್ ನಗರವನ್ನು ಹೊಕ್ಕರು. ಮಂತ್ರಿಮಂಡಲವು ಬೋರ್ಡೋ ನಗರವನ್ನು ಸೇರಿತು. ಸೈನ್ಯವು ಸೋತಿತೆಂಬುದರಲ್ಲಿ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ. ಶರಣಾಗಬೇಕಾದವರು ಯಾರು ಎಂಬುದೇ ವಿವಾದ. ಸೈನ್ಯವು ಶಸ್ತ್ರವನ್ನು ಕೆಳಗಿಡಲಿ, ಸರ್ಕಾರವು ಉತ್ತರ ಆಫ್ರಿಕಕ್ಕೆ ಹೋಗಿ ಯುದ್ಧವನ್ನು ಮುಂದುವರಿಸಲಿ ಎಂದು ಪ್ರಧಾನಮಂತ್ರಿ ರೇನೋ ಸೂಚಿಸಿದನು. ಒಂದು ತಿಂಗಳ ಹಿಂದೆ ಹಾಲೆಂಡ್ ಮಾಡಿದ್ದುದೂ ಇದನ್ನೇ: ಅದರ ಸೈನ್ಯವು ಶರಣಾಯಿತು, ರಾಣಿ ವಿಲ್ಹೆಲ್ಮಿನಾ ಲಂಡನ್ನಿನಲ್ಲಿದ್ದುಕೊಂಡು ಯುದ್ಧವನ್ನು ಬಿಡಲಿಲ್ಲ. ಆದರೆ ಸೇನಾಪತಿ ವೇಗಾಂ, ಇದರಿಂದ ಸೈನ್ಯದ ಮಾನಕ್ಕೆ ಕುಂದೆಂದು ಹಟ ಹಿಡಿದನು. 84 ವರ್ಷದ ಮಾರ್ಷಲ್ ಪೇತಾಂ ಸ್ವದೇಶವನ್ನು ಬಿಟ್ಟು ಕದಲೆನೆಂದನು. ಜೂನ್ 16ರಂದು ರೇನೋ ಅಧಿಕಾರವನ್ನು ತ್ಯಜಿಸಿದನು. ಪೇತಾಂ ಆ ಸ್ಥಾನಕ್ಕೆ ಬಂದನು. 22ರಂದು ಸರ್ಕಾರವೇ ಯುದ್ಧವಿರಾಮಕ್ಕೆ ಸಹಿ ಹಾಕಿಸಿತು.

ರೇನೋ ಗೆದ್ದಿದ್ದರೆ? ಫ್ರಾನ್ಸೆಲ್ಲವೂ ಆಗಲೇ ಶತ್ರುವಶವಾಗುತ್ತಿತ್ತು. ದಕ್ಷಿಣ ಭಾಗಕ್ಕೆ 1942ರ ನವೆಂಬರಿನವರೆಗೆ ದೊರೆತ ಬಿಡುವು ದೊರೆಯುತ್ತಿರಲಿಲ್ಲ. ಆಲ್ಜೀರಿಯದಲ್ಲಿ ಶಸ್ತ್ರಗಳ ಕಾರ್ಖಾನೆಗಳಿಲ್ಲದ್ದರಿಂದ ಎಲ್ಲವೂ ಸಮುದ್ರದ ಮೇಲೆಯೇ ಬರಬೇಕಾಗುತ್ತಿತ್ತು. ಇನ್ನೊಂದು ತಟ್ಟೆಯಲ್ಲಿದ್ದುದು ಬಲಿಷ್ಠವಾದ ನೌಕಾಬಲ. ಅದು ಜರ್ಮನರ ಕೈಸೇರೀತೆಂಬ ಭಯದಿಂದ ಬ್ರಿಟಿಷರು ಜುಲೈ 3ರಂದು ಮೆರ್ಸೆಲ್ ಕೆಬೀರ್ ಬಂದರಿನಲ್ಲಿ ಗುಂಡಿಕ್ಕಿದಾಗ, ನಿನ್ನೆಯ ಮಿತ್ರರ ಕೈಯಿಂದಲೇ ಸುಮಾರು 1,300 ಮಂದಿ ಫ್ರೆಂಚ್ ನಾವಿಕರು ಮಡಿದರು. ಸರ್ಕಾರವು ಯುದ್ಧದಲ್ಲಿ ಉಳಿದಿದ್ದರೆ ಆ ಗುಂಡಿಗೆ ಕಾರಣವೇ ಇರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡದು ಅಧಿಕಾರಮುದ್ರೆಯ ಪ್ರಶ್ನೆ. ಉತ್ತರ ಆಫ್ರಿಕದ ಸೇನಾನಿ ನೊಗೆಸ್ ಮೊದಲು ಕಾದಾಟಕ್ಕೆ ಸಿದ್ಧನಾಗಿದ್ದನು. ಕೊನೆಗೆ ಸರ್ಕಾರದ ಆಜ್ಞೆಗೆ ತಲೆಬಾಗಿದನು. ನಮಗೆ ಸಮೀಪದ ಪುದುಚೇರಿಯ ಗವರ್ನರ್ ಬೋನ್ವೆನ್‌ನಂತೆ ಆ ವರ್ಷವೇ ದ ಗೋಲನ ಪಕ್ಷವನ್ನು ಹಿಡಿದವರು ಕೆಲವರೇ. ಲಂಡನ್ನಿನಿಂದ ಜೂನ್ 18ರಂದು ರೇಡಿಯೋದಲ್ಲಿ ಮಾತನಾಡಿದ ದ ಗೋಲನಿಗೆ ಧೈರ್ಯವಿತ್ತು, ಮುದ್ರೆಯಿರಲಿಲ್ಲ.

ಜನರಿಗೆ ಗುರಾಣಿಯಾಗಿ ಉಳಿದೆನೆಂಬುದು ಪೇತಾಂನ ಸಮರ್ಥನೆ. ಗಡೀಪಾರಾದ ಸರ್ಕಾರವು ಪ್ರಜೆಗಳನ್ನು ಕಾಯಲಾರದೆಂಬುದು ನಿಜ. ಹಾಲೆಂಡಿನ ಯೆಹೂದ್ಯರಲ್ಲಿ ಬಹುಭಾಗ ನಾಶವಾದರು. ಆದರೆ 1942ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 13,000 ಯೆಹೂದ್ಯರನ್ನು ಹಿಡಿದವರು ಫ್ರೆಂಚ್ ಪೊಲೀಸರೇ. ಆಫ್ರಿಕಕ್ಕೆ ಹೋದ ಸರ್ಕಾರವು ಅವರನ್ನು ಉಳಿಸುತ್ತಿತ್ತೆಂದು ಹೇಳಲಾಗದು; ಅವರನ್ನು ಹಿಡಿಯಲು ಫ್ರಾನ್ಸಿನ ಹೆಸರಿನಲ್ಲಿ ಆಜ್ಞೆಯನ್ನಂತೂ ಕೊಡುತ್ತಿರಲಿಲ್ಲ.