ಬಂಪರಿಗೆ ತೂತು ಕೊರೆದರೆ ಗಾಳಿ ಬಂದೀತೆ?

ನಾನು ಬಾಲಾನಗರಕ್ಕೆ ಬಂದ ಹೊಸದರಲ್ಲಿ ಇಲ್ಲಿ ಲೇತ್ ಸದ್ದು ಕೇಳದ ಗಲ್ಲಿಯನ್ನು ಹುಡುಕಬೇಕಿತ್ತು. ಎಚ್‌ಎಎಲ್‌ನ ಏವಿಯಾನಿಕ್ಸ್ ಘಟಕ ಶುರುವಾದದ್ದು 1965ರಲ್ಲಿ. ಎಲ್ಲರೂ ಸಿಐಟಿಡಿ ಅಂತ ಕರೆಯುವ ಟೂಲ್ ಡಿಸೈನ್ ಸಂಸ್ಥೆ 1968ರದ್ದು, ಇಸ್ರೋಗೆ ಬಿಡಿಭಾಗ ಮಾಡಿಕೊಡುವ ಎಂಟಿಎಆರ್ 1970ರದ್ದು. ಇವುಗಳ ಸುತ್ತಮುತ್ತ ತಗಡು ಬಗ್ಗಿಸುವವರು, ಅಚ್ಚು ಮಾಡುವವರು, ವೆಲ್ಡಿಂಗಿನವರು ಬೆಳೆದರು. ಸಾಲದ ಫೈಲು ಕಂಕುಳಲ್ಲಿಟ್ಟುಕೊಂಡು ಇಂಥ ಎಷ್ಟು ಶೆಡ್ಡು ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಮೆಷಿನ್ನಿನ ಬಗ್ಗೆ ನನಗಿರುವ ಅಲ್ಪಸ್ವಲ್ಪ ತಿಳಿವಳಿಕೆ ಅಲ್ಲಿಂದ ಬಂದದ್ದೇ ಹೊರತು ಬಿಕಾಂ ಪುಸ್ತಕದಿಂದಲ್ಲ!

ಈಚೆಗೆ ರಾಯಚೂರಿನ ನನ್ನ ಅಕ್ಕನ ಮಗ ಕಾರು ತಂದು ನಿಲ್ಲಿಸಿದ. "ಮಾಮ, ಸಿಗ್ನಲ್‌ನ್ಯಾಗ ನಿಂತ್ರ ಮುಳ್ಳು ಮ್ಯಾಲ ಏರ್ತದ, ಏಸಿನೂ ತಣ್ಣಗಾಗಂಗಿಲ್ಲ. ಬಂಪರ್ ಕೊಯ್ಸಿ ಕೂಲಿಂಗ್ ಡಕ್ಟ್ ಹಾಕಸ್ತೀನಿ, ನಿನ್ ಗುರ್ತಿನ ಶೆಡ್ ತೋರ್ಸು" ಅಂದ. ಶೆಡ್ಡು ತೋರಿಸುವ ಮೊದಲು ಈ ಬಂಪರಿಗೂ ಗಾಳಿಗೂ ನಂಟು ಬೆಳೆದದ್ದು ಹೇಗೆ ಅಂತ ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಂಟೇ ಇರಲಿಲ್ಲ. ಕಾರಿನ ಆರಂಭದ ದಿನಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ತುಂಬಿಸಬೇಕಿತ್ತು. ಅದಕ್ಕೊಂದು ಒಳ್ಳೆಯ ಪರಿಹಾರ ಕೊಟ್ಟವನು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. 1901ರ ಹೊತ್ತಿಗೆ ರಸ್ತೆಗೆ ಬಂದ ಮರ್ಸಿಡಿಸ್ 35 ಎಚ್‌ಪಿ ಕಾರಿಗೆ 8,070 ಪುಟ್ಟ ಕೊಳವೆಗಳನ್ನು ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅಲ್ಲಿಂದ ಮುಂದೆ ರೇಡಿಯೇಟರೇ ಕಾರಿನ ಮುಖವಾಯಿತು. ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ ರೋಲ್ಸ್ ರಾಯ್ಸ್ ನೋಡಿ, ಗುಡಿಯ ಬಾಗಿಲಿನ ಹಾಗೆ ಎದ್ದು ನಿಂತಿರುವುದು ಅದೇ. ಬಂಪರ್ ಎಂಬುದು ಆಮೇಲೆ ಬಂದ ಬರೀ ಕಬ್ಬಿಣದ ಪಟ್ಟಿ.

ನಮ್ಮ ಅಂಬಾಸಿಡರ್, ಫಿಯಾಟ್‌ಗಳದ್ದೂ ಅದೇ ಕಥೆ. ಹೊಳೆಯುವ ಪಟ್ಟಿ ಕೆಳಗೆ, ಗಾಳಿ ಒಳಹೋಗುವ ಜಾಲರಿ ಮೇಲೆ, ಒಳಗೆ ಎಂಜಿನ್ನಿನ ಬೆಲ್ಟಿಗೆ ಕಟ್ಟಿದ ಫ್ಯಾನು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಹಾಗಾಗಿಯೇ ಘಾಟಿ ಹತ್ತುವಾಗ ಡಿಕ್ಕಿಯಲ್ಲೊಂದು ನೀರಿನ ಕ್ಯಾನು ಕಡ್ಡಾಯ. ಬಾನೆಟ್ ಎತ್ತಿ, ಕ್ಯಾಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ ತಿರುವುತ್ತಿದ್ದ ಡ್ರೈವರುಗಳನ್ನು ನನ್ನ ವಯಸ್ಸಿನವರೆಲ್ಲ ನೋಡಿರುತ್ತೀರಿ.

ಗಾಳಿಯನ್ನು ಲೆಕ್ಕ ಹಾಕಿ ಬಳಸುವುದನ್ನು ಕಾರಿನವರಿಗಿಂತ ಮೊದಲು ಕಲಿತವರು ವಿಮಾನದವರು. 1930ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಎಫ್.ಡಬ್ಲ್ಯು. ಮೆರಡಿತ್ ಎಂಬ ಎಂಜಿನಿಯರ್ ಇದನ್ನು ವಿವರಿಸಿದರು. ಬಾಯಿ ಸಣ್ಣದಿರಲಿ, ಒಳಗೆ ಹೋಗುತ್ತಾ ಕೊಳವೆ ಅಗಲವಾಗಲಿ. ಆಗ ಗಾಳಿ ನಿಧಾನವಾಗಿ ಅದರ ಒತ್ತಡ ಏರುತ್ತದೆ, ರೇಡಿಯೇಟರನ್ನು ಸಮಾಧಾನವಾಗಿ ಹಾಯುತ್ತದೆ, ಬಿಸಿಯಾಗಿ ಹಿಂದಿನ ಕಿರಿದಾದ ದಾರಿಯಿಂದ ರಭಸವಾಗಿ ಹೊರಬೀಳುತ್ತದೆ. ಸ್ಪಿಟ್‌ಫೈರ್, ಮಸ್ಟ್ಯಾಂಗ್ ಯುದ್ಧವಿಮಾನಗಳ ರೇಡಿಯೇಟರ್ ಕೂತದ್ದು ಇಂಥ ಕೊಳವೆಯಲ್ಲೇ. ಒಳಬರುವ ಬಾಯಿ, ಸೋರದ ದಾರಿ, ಹೊರಹೋಗುವ ಬಾಯಿ, ಈ ಮೂರೂ ಇದ್ದರೆ ಅದು ಡಕ್ಟ್. ಮೊದಲನೆಯದು ಮಾತ್ರ ಇದ್ದರೆ ತೂತು, ಅಷ್ಟೇ.

(ವಿಮಾನದ ಮಾತು ಬಂತಲ್ಲ, ಒಂದು ವಿಷಯ ಹೇಳದೆ ಇರಲಾರೆ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದು ಕಾರು ಕಾರ್ಖಾನೆಯ ಯೋಜನೆ ಸಿದ್ಧಮಾಡಿದ್ದರು. ವಾಲ್‌ಚಂದ್ ಹೀರಾಚಂದ್ ಬೆನ್ನಿಗೆ ನಿಂತರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು, ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. ಕಡೆಗೆ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್, ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ, ಬೆಂಗಳೂರಿನಲ್ಲಿ ಶುರುಮಾಡಿದ್ದು ವಿಮಾನದ ಕಾರ್ಖಾನೆ. ಕಾರಿನದ್ದು, ಅಂದರೆ ಪ್ರೀಮಿಯರ್, 1944ರಲ್ಲಿ ಬೊಂಬಾಯಿ ಪಾಲಾಯಿತು. ಪದ್ಮಿನಿಯ ಬಂಪರ್ ಮೇಲೆ ಬೆಂಗಳೂರಿನ ಹೆಸರಿರಬೇಕಿತ್ತು ಅಂತ ನನಗೆ ಈಗಲೂ ಹೊಟ್ಟೆಕಿಚ್ಚು.)

ಬಂಪರಿನ ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಉಪಾಯವನ್ನು 1955ರಲ್ಲೇ ಸಿಟ್ರೊಯೆನ್ ಡಿಎಸ್ ತೋರಿಸಿತ್ತು. 1972ರ ರೆನೋ 5 ಕಬ್ಬಿಣದ ಪಟ್ಟಿಯನ್ನು ಕಿತ್ತು ಪ್ಲಾಸ್ಟಿಕ್ ಬಂಪರ್ ತಂದಿತು. ಕ್ರಮೇಣ ಬಂಪರೆಂದರೆ ಕಾರಿನ ಇಡೀ ಮೂತಿಯ ಹೊದಿಕೆ ಎಂಬಂತಾಯಿತು, ಗಾಳಿಯ ದಾರಿಯೂ ಅದರೊಳಗೇ ಸೇರಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಎಂಜಿನ್ ಅಡ್ಡಡ್ಡ ಕೂತಿದ್ದರಿಂದ ಬೆಲ್ಟಿನ ಫ್ಯಾನು ಮುಂದಕ್ಕೆ ಮುಖ ಮಾಡುವಂತಿರಲಿಲ್ಲ, ಕರೆಂಟಿನ ಫ್ಯಾನು ಬಂತು. ಎಂಜಿನ್ ಎಷ್ಟೇ ನಿಧಾನವಾಗಿರಲಿ, ಬಿಸಿಯಾದಾಗ ಅದು ತನ್ನಷ್ಟಕ್ಕೆ ತಿರುಗುತ್ತದೆ. ನೀರಿನ ಕ್ಯಾನು ಡಿಕ್ಕಿಯಿಂದ ಇಳಿದದ್ದಕ್ಕೆ ಇದೂ ಒಂದು ಕಾರಣ.

ಈಗ ಲೆಕ್ಕದ ಮಾತು, ಅದು ನನ್ನ ಕಸುಬು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100 ಕಿ.ಮೀ. ವೇಗದಲ್ಲಿ ಕಾರಿನ ಮೂತಿಗೆ ಬೀಳುವ ಒತ್ತಡ ಸುಮಾರು 47 ಮಿ.ಮೀ. ನೀರಿನ ಎತ್ತರದಷ್ಟು. 20 ಕಿ.ಮೀ. ವೇಗದಲ್ಲಿ ಅದರ ಇಪ್ಪತ್ತೈದನೇ ಒಂದು ಪಾಲು, ಅಂದರೆ ಎರಡು ಮಿ.ಮೀ. ಕೂಡ ಇಲ್ಲ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಹಳೆಯ ವಿಮಾನದ ರನ್‌ವೇ ಮೇಲೆ ಫಿಯಾಟ್ ಓಡಿಸುತ್ತಿದ್ದವರಿಗೆ ಮೂತಿಯ ಗಾಳಿ ದೊಡ್ಡ ಆಸ್ತಿ. ಬಾಲಾನಗರ ಚೌರಸ್ತಾದಲ್ಲಿ ನಿಂತವನಿಗೆ, 2021ರಲ್ಲಿ ಫ್ಲೈಓವರ್ ಆದಮೇಲೂ, ಅದು ಶೂನ್ಯ. ನಿಂತಾಗ ಬಿಸಿಯಾದರೆ ಫ್ಯಾನು ನೋಡಬೇಕು, ಓಡುವಾಗ ಬಿಸಿಯಾದರೆ ಗಾಳಿಯ ದಾರಿ, ನೀರಿನ ದಾರಿ ನೋಡಬೇಕು.

ಶೆಡ್ಡಿನ ಮೇಸ್ತ್ರಿ ಇದ್ಯಾವುದನ್ನೂ ಓದಿದವರಲ್ಲ. ಬಂಪರ್ ಬಿಚ್ಚಿ ರೇಡಿಯೇಟರಿನ ಎರಡೂ ಪಕ್ಕ ಕೈ ಆಡಿಸಿದರು. ಫ್ಯಾನು ಸರಿಯಾಗೇ ತಿರುಗುತ್ತಿತ್ತು. ಆದರೆ ಬಂಪರಿನಿಂದ ರೇಡಿಯೇಟರಿನವರೆಗೆ ಗಾಳಿಯನ್ನು ಒಯ್ಯುವ ಪ್ಲಾಸ್ಟಿಕ್ ಪಕ್ಕಗಳು ಎರಡೂ ಇಲ್ಲ! ಹಿಂದಿನ ವರ್ಷ ಸಣ್ಣ ಅಪಘಾತವಾಗಿ ಎಲ್ಲೋ ಒಂದು ಕಡೆ ಬಂಪರ್ ಬದಲಾಯಿಸಿದಾಗ ಮತ್ತೆ ಹಾಕಿರಲಿಲ್ಲ. ಕಾರು ನಿಂತಾಗ ಫ್ಯಾನು ಹಿಂದಕ್ಕೆ ಎಸೆದ ಬಿಸಿಗಾಳಿ ಪಕ್ಕದ ಸಂದಿಯಿಂದ ಸುತ್ತಿ ಮತ್ತೆ ಮುಂದಕ್ಕೆ ಬರುತ್ತಿತ್ತು, ಉಸಿರು ಬಿಟ್ಟು ಅದನ್ನೇ ಎಳೆದುಕೊಂಡ ಹಾಗೆ. ಏಸಿ ತಣ್ಣಗಾಗದಿದ್ದುದೂ ಅದಕ್ಕೇ, ಅದರ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆಯೇ. ಹೊಸ ಪಕ್ಕಗಳನ್ನು ಕೂರಿಸಿ, ಮೇಲಿನ ಸಂದಿಗೆ ರಬ್ಬರ್ ಪಟ್ಟಿ ಒತ್ತಿದರು. ಹುಡುಗ ತೋರಿಸಿದ ಫೋಟೋದ ಡಕ್ಟನ್ನು ಬೆರಳಲ್ಲಿ ತಟ್ಟಿ, ತೆಲುಗಿನಲ್ಲಿ, ಇದರ ಹಿಂದೆ ಗೋಡೆ ಇದೆಯಲ್ಲ ಬಾಬೂ ಅಂದರು. ನಿಜ, ಅಂಗಡಿಯಲ್ಲಿ ಸಿಗುವ ಎಷ್ಟೋ ಡಕ್ಟುಗಳು ಕಪ್ಪು ಜಾಲರಿ ಅಂಟಿಸಿದ ಕುರುಡು ಕಿಟಕಿಗಳು.

ಬಂಪರ್ ಕೊಯ್ಯಲೇಬೇಕು ಅನ್ನುವವರಿಗೆ ಬ್ಯಾಂಕಿನವನಾಗಿ ಎರಡು ಮಾತು. ಕಾರಿನ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬಂಪರಿನ ತೂತು ಆ ಪತ್ರದಲ್ಲಿ ಬರೆದಿರುವುದಿಲ್ಲ, ಸರಿ. ಆದರೂ ವಿಮೆಯವರಿಗೆ ಮೊದಲೇ ಬರೆದು ತಿಳಿಸಿ, ಕ್ಲೇಮಿನ ದಿನ ತಿಳಿಸಿದರೆ ಜಗಳ ಖಂಡಿತ. ಇನ್ನು ಮುಂದೆ ಕಬ್ಬಿಣದ ಗಾರ್ಡು ಕಟ್ಟುವವರ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಅಡ್ಡ ಬಂದ ಪಾದಚಾರಿಗೆ ಅದು ಅಪಾಯ, ಏರ್‌ಬ್ಯಾಗಿನ ಲೆಕ್ಕಾಚಾರವನ್ನೂ ಅದು ಕೆಡಿಸಬಹುದು. ಕೊಯ್ಯುವಾಗಲೂ ಅದೇ ಎಚ್ಚರ ಬೇಕು. ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಏಟು ತಡೆಯುವ ಉಕ್ಕಿನ ತೊಲೆ ಇರುತ್ತದೆ, ಹಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರೂ ಅಲ್ಲೇ ಹತ್ತಿರ. ಗ್ರೈಂಡರ್ ಚಾಲೂ ಮಾಡುವ ಮೊದಲು ಅವೆರಡೂ ಎಲ್ಲಿವೆ ಅಂತ ಮೇಸ್ತ್ರಿಯಿಂದ ಬಿಚ್ಚಿಸಿ, ಕಣ್ಣಾರೆ ನೋಡಿಕೊಳ್ಳಿ.