ಕೈ ಹೋದರೆ ಹೊಣೆ ಯಾರದು?

ಸೊಲ್ಲಾಪುರದ ಜುನಿ ಗಿರಣಿ 1870ರ ದಶಕದಲ್ಲಿ ಸುರುವಾಯಿತು. ಮುಂದೆ ಬೇರೆ ಗಿರಣಿಗಳೂ ಬಂದವು. ಅಕ್ಕಲಕೋಟೆ ಸೀಮೆಯ ನಮ್ಮ ಮಂದಿ ಅಲ್ಲಿ ಪಾಳಿ ದುಡಿದರು. ಯಂತ್ರಕ್ಕೆ ಸಿಕ್ಕು ಬೆರಳು ಕಳಕೊಂಡವನಿಗೆ ಮೊದಲ ಪ್ರಶ್ನೆ, ‘ನೀ ಯಾಕ ಕೈ ಹಾಕಿದಿ?’ ಎಂದೇ ಇರುತ್ತಿತ್ತೆಂದು ಹಿರಿಯರ ಬಾಯಿಂದ ಕೇಳಿದ್ದೇನೆ.

ಈ ಪ್ರಶ್ನೆಯ ಹಿಂದೆ ಇಂಗ್ಲೆಂಡಿನ ಹಳೇ ನ್ಯಾಯವಿದೆ. ಡರ್ಬಿ ಊರಲ್ಲಿ ರಸ್ತೆಗೆ ಅಡ್ಡ ಇಟ್ಟ ಗಳಕ್ಕೆ ಬಡಿದು ಕುದುರೆ ಸವಾರನೊಬ್ಬ ಬಿದ್ದ. ಜೋರಾಗಿ ಓಡಿಸಿದ್ದು ಅವನದೂ ತಪ್ಪೆಂದು 1809ರಲ್ಲಿ ನ್ಯಾಯಾಲಯ ಏನೂ ಕೊಡಲಿಲ್ಲ. ತನ್ನ ತಪ್ಪು ತುಸುವೇ ಇದ್ದರೂ ಪರಿಹಾರ ಪೂರಾ ಹೋಯಿತು.

1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಇದನ್ನು ತಿರುಗಿಸಿತು. 1924ರ ಜುಲೈ 1ರಿಂದ, ಕೆಲಸದ ಹೊತ್ತಿನಲ್ಲಿ, ಕೆಲಸದಿಂದಲೇ ಗಾಯವಾಗಿದ್ದರೆ ಮಾಲಕನ ತಪ್ಪು ತೋರಿಸಬೇಕಿರಲಿಲ್ಲ. ಆದರೆ ಕುಡಿದಿದ್ದರೆ, ಸುರಕ್ಷತೆಯ ಹುಕುಂ ಬೇಕಂತಲೇ ಮೀರಿದ್ದರೆ, ಯಂತ್ರದ ರಕ್ಷಣೆಯ ತಡೆ ಬೇಕಂತಲೇ ತೆಗೆದಿದ್ದರೆ ಪರಿಹಾರವಿಲ್ಲ. ಮರೆತು ಕೈ ಹಾಕಿದ್ದಕ್ಕೂ ಬೇಕಂತಲೇ ಹಾಕಿದ್ದಕ್ಕೂ ಇರುವ ಅಂತರದ ಮೇಲೆ ಒಂದು ಮನೆಯ ರೊಟ್ಟಿ ನಿಂತಿತು. ಕೆಲಸಗಾರ ಸತ್ತರೆ ಈ ನೆಪಗಳು ನಡೆಯಬಾರದೆಂದು 1933ರಲ್ಲಿ ತಿದ್ದುಪಡಿಯಾಯಿತು.

ಇನ್ನೊಂದು ಮಾತು. ಆ ಕಾಯಿದೆ ಬ್ರಿಟಿಷ್ ಇಂಡಿಯಾದ್ದು. ಅಕ್ಕಲಕೋಟೆ 1948ರ ತನಕ ಸಂಸ್ಥಾನ. ಸೊಲ್ಲಾಪುರದಾಗ ಗಾಯಗೊಂಡ ಅಕ್ಕಲಕೋಟೆಯವನಿಗೆ ಕಾಯಿದೆಯ ಆಸರೆ ಇತ್ತು. ತನ್ನೂರಾಗೇ ಗಾಯಗೊಂಡವನಿಗೆ ಅದು ತಾನಾಗಿ ಸಲ್ಲುತ್ತಿರಲಿಲ್ಲ. ‘ಯಾರ ತಪ್ಪು?’ ಅನ್ನುವ ಮೊದಲು ‘ಯಾವ ಸೀಮೆ?’ ಎಂದು ಕೇಳಬೇಕಿದ್ದ ಕಾಲ ಅದು.