ಬೆಲ್ಜಿಯಮ್‌ನ ವಸತಿ ಕೇಂದ್ರಗಳಲ್ಲಿ ಫ್ರಾನ್ಸಿನ ಅಂಗವಿಕಲರು

ಸ್ವದೇಶದಲ್ಲಿ ಜಾಗ ಸಿಗದ ಫ್ರಾನ್ಸಿನ ಅಂಗವಿಕಲ ಮಕ್ಕಳು ಮತ್ತು ವಯಸ್ಕರು ಬೆಲ್ಜಿಯಮ್‌ನ ವಲ್ಲೋನಿಯ ಪ್ರದೇಶದ ವಸತಿ ಕೇಂದ್ರಗಳನ್ನು ಸೇರುವುದು ದಶಕಗಳಿಂದ ನಡೆದುಬಂದಿದೆ. 2010ರ ದಶಕದ ಕೊನೆಗೆ ಇವರ ಸಂಖ್ಯೆ ಸುಮಾರು 8,000 ಇತ್ತು. ಹೆಚ್ಚಿನವರು ವಯಸ್ಕರು, ಬೌದ್ಧಿಕ ಅಸಾಮರ್ಥ್ಯ ಅಥವಾ ಆಟಿಸಂ ಉಳ್ಳವರು. ಗಡಿಯಂಚಿನ ಎನೋ ಪ್ರಾಂತದಲ್ಲಿ, ತೂರ್ನೆ ಪಟ್ಟಣದ ಆಸುಪಾಸಿನಲ್ಲಿ ಕೇಂದ್ರಗಳು ದಟ್ಟವಾಗಿವೆ. ಎರಡೂ ಕಡೆ ಆಡುವುದು ಫ್ರೆಂಚ್. ಫ್ರಾನ್ಸಿನ ಲೀಲ್ ನಗರದ ಕುಟುಂಬಕ್ಕೆ ಇದು ಪಕ್ಕದೂರು. ಪ್ಯಾರಿಸ್ ಸುತ್ತಲಿನಿಂದ ಬಂದವರಿಗೆ, ಅವರೇನೂ ಕಡಿಮೆಯಿಲ್ಲ, ಮಗನನ್ನು ನೋಡಿಬರುವುದೆಂದರೆ ಇಡೀ ದಿನದ ಕೆಲಸ.

ಬೆಲ್ಜಿಯಮ್ 1970ರಲ್ಲೇ ವಿಶೇಷ ಶಿಕ್ಷಣಕ್ಕೆ ಪ್ರತ್ಯೇಕ ಕಾನೂನು ಮಾಡಿತು. ಫ್ರಾನ್ಸಿನ 1975ರ ಅಂಗವಿಕಲರ ಕಾನೂನು ಹಕ್ಕುಗಳನ್ನು ಘೋಷಿಸಿತಾದರೂ ಜಾಗಗಳು ಬೇಡಿಕೆಯ ವೇಗಕ್ಕೆ ಹೆಚ್ಚಲಿಲ್ಲ. ಅಲ್ಲಿ ಆಟಿಸಂ ಚಿಕಿತ್ಸೆ ಬಹುಕಾಲ ಮನೋವಿಶ್ಲೇಷಣೆಯ ಹಿಡಿತದಲ್ಲಿತ್ತು. ಕಲಿಕೆಯ ವಿಧಾನಗಳನ್ನು ಬಯಸಿದ ತಂದೆತಾಯಿಯರಿಗೆ ಬೆಲ್ಜಿಯಮ್ ಹಿಡಿಸಿತು. ಹಾಗಾಗಿ ಗಡಿ ದಾಟಿದವರೆಲ್ಲ ವಿಧಿಯಿಲ್ಲದೆ ಹೋದವರೆನ್ನಲಾಗದು. ಇತ್ತ ಫ್ರಾನ್ಸಿನಲ್ಲಿ 1989ರ ಜನವರಿಯಲ್ಲಿ ಬಂದ, ನಟ ಮಿಶೆಲ್ ಕ್ರೆತೋಂ ಹೆಸರಿನಿಂದ ಪ್ರಸಿದ್ಧವಾದ ತಿದ್ದುಪಡಿಯು ವಯಸ್ಕರ ಕೇಂದ್ರದಲ್ಲಿ ಜಾಗ ಸಿಗುವ ತನಕ 20 ದಾಟಿದವರನ್ನೂ ಮಕ್ಕಳ ಕೇಂದ್ರದಲ್ಲೇ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಯುವಕರು ಬೀದಿಗೆ ಬೀಳುವುದು ತಪ್ಪಿತು, ನಿಜ. ಆದರೆ ಹಿಂದಿನಿಂದ ಬರುವ ಮಕ್ಕಳಿಗೆ ಬಾಗಿಲು ಮುಚ್ಚಿತು.

ಖರ್ಚು ಫ್ರಾನ್ಸಿನದೇ. ಮಕ್ಕಳದ್ದನ್ನು ಆರೋಗ್ಯ ವಿಮೆ ಭರಿಸಿದರೆ, ವಯಸ್ಕರದ್ದನ್ನು ಅವರ ಸ್ಥಿತಿಗೆ ತಕ್ಕಂತೆ ವಿಮೆಯೋ ಜಿಲ್ಲಾಡಳಿತವೋ ಭರಿಸುತ್ತದೆ. ಹಣದ ಹಿಂದೆ ಮೇಲ್ವಿಚಾರಣೆ ಮಾತ್ರ ಗಡಿ ದಾಟಲಿಲ್ಲ. ವಲ್ಲೋನಿಯ ಸರ್ಕಾರದ ಅನುದಾನವಿಲ್ಲದೆ, ಬರೀ ಪರವಾನಗಿಯ ಮೇಲೆ, ಫ್ರೆಂಚರನ್ನೇ ನೆಚ್ಚಿಕೊಂಡ ಕೇಂದ್ರಗಳು ತಲೆಯೆತ್ತಿದವು. ಕೆಲವು ಅಚ್ಚುಕಟ್ಟಾಗಿದ್ದವು, ಸಿಬ್ಬಂದಿ ಸಾಲದ, ಲಾಭವೇ ಗುರಿಯಾದ ಕೆಲವನ್ನು ಪತ್ರಿಕೆಗಳು ‘ಫ್ರೆಂಚರ ಕಾರ್ಖಾನೆ’ ಎಂದು ಜರೆದವು.

ಗಡಿಯಾಚೆಯ ಚಿಕಿತ್ಸೆ ಕುರಿತ 2011ರ ಐರೋಪ್ಯ ನಿರ್ದೇಶನವು ದೀರ್ಘಕಾಲದ ಆರೈಕೆಯನ್ನು ಹೊರಗಿಟ್ಟಿತು. ಎರಡೂ ಕಡೆಯವರು ತಾವೇ ಮಾತುಕತೆ ನಡೆಸಿದರು. 2011ರ ಡಿಸೆಂಬರ್ 21ರಂದು ಸಹಿಯಾದ ಫ್ರಾನ್ಸ್–ವಲ್ಲೋನಿಯ ಒಪ್ಪಂದ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಜಂಟಿ ತಪಾಸಣೆಗೆ ದಾರಿಯಾಯಿತು. ಬಯಸದೆ ಹೋಗುವವರನ್ನು ತಡೆಯಲು ಫ್ರಾನ್ಸ್ ವಿಶೇಷ ನಿಧಿ ತೆಗೆದಿರಿಸಿದರೂ ಸಂಖ್ಯೆ ಇಳಿಯಲಿಲ್ಲ. ಕೊನೆಗೆ 2021ರ ಫೆಬ್ರವರಿಯ ಅಂತ್ಯಕ್ಕೆ ವಯಸ್ಕರ ಜಾಗಗಳ ಒಟ್ಟು ಸಂಖ್ಯೆ ಇನ್ನು ಹೆಚ್ಚದಂತೆ ಅದು ತಡೆಹಾಕಿತು. ಆಗಲೇ ಅಲ್ಲಿ ನೆಲೆಸಿದ್ದವರು ಮರಳಬೇಕೆಂಬ ಒತ್ತಾಯ ಇರಲಿಲ್ಲ.